ತೆರೆದ ಪೆಟ್ಟಿಗೆಯ ಆಟ

ಆಟವನ್ನಾಡುವುದರಲ್ಲಿ ಒಂದು ಸುಖವಿದೆ. ಆಡುವ ಸಾಧನವನ್ನು ತಾನೇ ಅಣಿಗೊಳಿಸಿ, ತನ್ನ ಕೈಗೂ ಕಣ್ಣಿಗೂ ಒಪ್ಪುವಂತೆ ತಿದ್ದಿಕೊಂಡು ಆಡುವುದರಲ್ಲಿ ಅದಕ್ಕಿಂತ ಹಿರಿದಾದ ಮತ್ತೊಂದು ಸುಖವುಂಟು. ವಿಡಿಯೊ ಗೇಮಿನ ರಸಿಕರು ಕನ್ಸೋಲನ್ನು ಬಿಟ್ಟು ಪಿಸಿಯ ಕಡೆಗೆ ಒಲಿಯುವುದೇಕೆ ಎಂದು ಕೇಳಿದವರಿಗೆ ವೇಗ, ಚಿತ್ರದ ಸ್ಫುಟತೆ ಮೊದಲಾದ ಕಾರಣಗಳನ್ನು ಎಣಿಸಿ ಹೇಳುವುದು ವಾಡಿಕೆ. ಅವೆಲ್ಲ ದಿಟವೇ. ಆದರೆ ಬಹುಕಾಲದಿಂದ ಈ ವಿನೋದದಲ್ಲಿ ಮನಸ್ಸಿಟ್ಟಿರುವ ನನಗೆ ಆ ಎಲ್ಲ ಕಾರಣಗಳ ಬುಡದಲ್ಲಿ ಒಂದೇ ತತ್ತ್ವ ಕಾಣುತ್ತದೆ: ಕನ್ಸೋಲು ಮುಚ್ಚಿದ ಪೆಟ್ಟಿಗೆ, ಪಿಸಿ ತೆರೆದ ಪೆಟ್ಟಿಗೆ.

ಕನ್ಸೋಲಿನ ಗುಣವನ್ನು ಮರೆಮಾಚುವುದು ನ್ಯಾಯವಲ್ಲ. ಟಿ.ವಿ.ಗೆ ತಂತಿ ಸಿಕ್ಕಿಸಿ, ಗುಂಡಿಯೊತ್ತಿ, ಮನೆಮಂದಿಯೊಡನೆ ಕುಳಿತು ಆಡಲು ಅದರಷ್ಟು ಸುಲಭವಾದ ಸಾಧನ ಬೇರೊಂದಿಲ್ಲ. ಅಷ್ಟೇ ಹಣಕ್ಕೆ ಅಷ್ಟೇ ಸಾಮರ್ಥ್ಯದ ಪಿಸಿಯನ್ನು ಜೋಡಿಸುವುದು ಕಷ್ಟವೂ ಹೌದು. ಆದರೆ ಆ ಸೌಲಭ್ಯದ ಜೊತೆಗೆ ತಯಾರಕನ ಇಚ್ಛೆಗೂ ನಾವು ತಲೆಬಾಗಬೇಕು. ಡಿಸ್ಕಿಲ್ಲದೆ ಇಳಿಸಿಕೊಳ್ಳುವ ಆಟಗಳು ಅವನು ತೋರಿದ ಅಂಗಡಿಯಲ್ಲಿಯೇ ದೊರೆಯುತ್ತವೆ; ಹಣ ತೆತ್ತು ಕೊಂಡ ಆಟವನ್ನೇ ಅಂತರ್ಜಾಲದ ಮೂಲಕ ಗೆಳೆಯರೊಡನೆ ಆಡಬೇಕಾದರೆ ಬಹುಪಾಲು ಅವನಿಗೆ ಮತ್ತೊಂದು ಚಂದಾ ಸಲ್ಲಬೇಕು. ಪಿಸಿಯಲ್ಲಿ ಅಂಗಡಿಗಳು ಹಲವು, ಆ ಚಂದಾ ಇಲ್ಲ.

ಇನ್ನು ಜೋಡಿಸುವ ಸುಖದ ಮಾತು. ಬೆಂಗಳೂರಿನ ಎಸ್.ಪಿ. ರೋಡಿನ ಇಕ್ಕಟ್ಟಾದ ಅಂಗಡಿಗಳಲ್ಲಿ ಬೆಲೆ ವಿಚಾರಿಸುತ್ತ, ಈ ಮದರ್‌ಬೋರ್ಡಿಗೆ ಆ ಪ್ರೊಸೆಸರು ಒಗ್ಗುವುದೇ, ಈ ಗ್ರಾಫಿಕ್ಸ್ ಕಾರ್ಡಿನ ಹಸಿವಿಗೆ ಆ ಎಸ್‌ಎಂಪಿಎಸ್ ಸಾಲುವುದೇ ಎಂದು ಲೆಕ್ಕ ಹಾಕುತ್ತ ಅಲೆಯುವುದೇ ಆಟದ ಮೊದಲ ಅಂಕ. ಮನೆಗೆ ಬಂದು, ಸಾಕೆಟ್ಟಿನ ಪುಟ್ಟ ಸನ್ನೆಯನ್ನೆತ್ತಿ, ಪ್ರೊಸೆಸರಿನ ಮೂಲೆಯ ತ್ರಿಕೋನದ ಗುರುತನ್ನು ಅಲ್ಲಿನ ಗುರುತಿಗೆ ಹೊಂದಿಸಿ, ಬಲಪ್ರಯೋಗವಿಲ್ಲದೆ ಅದು ತನ್ನ ಭಾರದಿಂದಲೇ ಕೂರುವಂತೆ ಇಳಿಬಿಟ್ಟು, ಅಳತೆಯರಿತು ಥರ್ಮಲ್ ಪೇಸ್ಟ್ ಹಚ್ಚಿ, ಕೂಲರಿನ ತಿರುಪುಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವಾಗಿ ಬಿಗಿದು, ರ‍್ಯಾಮ್ ಪಟ್ಟಿಗಳು ಟಕ್ಕೆಂದು ಕೂತ ಸದ್ದನ್ನು ಕೇಳಿ, ಕಡೆಗೆ ಸ್ವಿಚ್ಚನ್ನೊತ್ತಿದಾಗ ಫ್ಯಾನುಗಳು ತಿರುಗಿ ಪರದೆ ಬೆಳಗುವ ಆ ಕ್ಷಣದ ತೃಪ್ತಿಯನ್ನು ಸಿದ್ಧವಸ್ತುವನ್ನು ಕೊಂಡವನು ಕಾಣಲಾರ. ಅಲ್ಲಿಗೂ ಕೆಲಸ ಮುಗಿಯದು. ನೆರಳು, ಬೆಳಕು, ಚಿತ್ರದ ವಿವರ, ಸೆಕೆಂಡಿಗೆ ಎಷ್ಟು ಫ್ರೇಮು ಎಂಬ ಒಂದೊಂದನ್ನೂ ಏರಿಸಿ ಇಳಿಸಿ, ವೈಣಿಕನು ಕಛೇರಿಗೆ ಮುನ್ನ ತಂತಿಗಳನ್ನು ಶ್ರುತಿಗೂಡಿಸುವಂತೆ, ಯಂತ್ರದ ಶಕ್ತಿಗೂ ನಮ್ಮ ರುಚಿಗೂ ಮೇಳ ತರಬೇಕು. ಎರಡು ವರ್ಷ ಕಳೆದ ಮೇಲೆ ಗ್ರಾಫಿಕ್ಸ್ ಕಾರ್ಡೊಂದನ್ನೇ ಬದಲಿಸಿ ಮಿಕ್ಕುದನ್ನು ಉಳಿಸಿಕೊಳ್ಳುವ ಸ್ವಾತಂತ್ರ್ಯವೂ ನಮ್ಮದೇ.

ಪೆಟ್ಟಿಗೆ ತೆರೆದಿರುವಂತೆ ಆಟವೂ ತೆರೆದಿರುವುದು ಪಿಸಿಯ ಪರಂಪರೆ. ಅಮೆರಿಕದ ಎಂಐಟಿಯಲ್ಲಿ 1962ರ ಹೊತ್ತಿಗೆ ಸ್ಟೀವ್ ರಸೆಲ್ ಮತ್ತು ಆತನ ಗೆಳೆಯರು ಪಿಡಿಪಿ-1 ಎಂಬ ಗಣಕದ ಮೇಲೆ ‘ಸ್ಪೇಸ್‌ವಾರ್’ ಆಟವನ್ನು ರಚಿಸಿದಾಗ, ಪೀಟರ್ ಸ್ಯಾಮ್ಸನ್ ಅದಕ್ಕೆ ನಿಜವಾದ ನಕ್ಷತ್ರಮಂಡಲದ ಹಿನ್ನೆಲೆಯನ್ನು ಕೂಡಿಸಿದನು, ಡ್ಯಾನ್ ಎಡ್ವರ್ಡ್ಸ್ ನಡುವಣ ನಕ್ಷತ್ರಕ್ಕೆ ಗುರುತ್ವಾಕರ್ಷಣವನ್ನು ಕೊಟ್ಟನು. ಟಿ.ವಿ.ಗೆ ಜೋಡಿಸುವ ಮೊದಲ ಕನ್ಸೋಲು, ಮ್ಯಾಗ್ನವಾಕ್ಸ್ ಒಡಿಸ್ಸಿ, ಮಾರುಕಟ್ಟೆಗೆ ಬಂದುದು ಇದಾದ ಹತ್ತು ವರ್ಷಕ್ಕೆ, 1972ರಲ್ಲಿ. 1993ರಲ್ಲಿ ‘ಡೂಮ್’ ಹೊರಬಂದಾಗ ಜಾನ್ ಕಾರ್ಮ್ಯಾಕ್ ಆಟದ ಯಂತ್ರಭಾಗವನ್ನೂ ಅದರ ಚಿತ್ರ, ನಕ್ಷೆಗಳನ್ನೂ ಬೇರೆಬೇರೆಯಾಗಿರಿಸಿ, ಬೇಕಾದವರು ತಮ್ಮದೇ ಅಂಕಣಗಳನ್ನು ಕಟ್ಟಿಕೊಳ್ಳಲು ದಾರಿ ಬಿಟ್ಟನು. ಇಂದಿಗೂ ಜನ ಅದಕ್ಕೆ ಹೊಸ ಅಂಕಣಗಳನ್ನು ಕಟ್ಟುತ್ತಲೇ ಇದ್ದಾರೆ. ನಮ್ಮೂರಿನ ಸೈಬರ್ ಕೆಫೆಗಳಲ್ಲಿ ಒಂದು ತಲೆಮಾರಿನ ಹುಡುಗರು ಮೈಮರೆತು ಆಡಿದ ‘ಕೌಂಟರ್-ಸ್ಟ್ರೈಕ್’ ಕೂಡ, ‘ಹಾಫ್-ಲೈಫ್’ ಎಂಬ ಆಟವನ್ನು ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬಿಬ್ಬರು ಅಭಿಮಾನಿಗಳು 1999ರಲ್ಲಿ ತಿದ್ದಿ ರೂಪಿಸಿದ್ದು.

ನನ್ನ ಪ್ರೀತಿಯ ‘ಏಜ್ ಆಫ್ ಎಂಪೈರ್ಸ್ 2’ ಇದಕ್ಕೆ ಅತ್ಯುತ್ತಮ ನಿದರ್ಶನ. 1999ರಲ್ಲಿ ಬಂದ ಆ ಆಟವನ್ನು ಒಡೆಯರೇ ಕೈಬಿಟ್ಟಂತಿದ್ದ ಕಾಲದಲ್ಲಿ ಅಭಿಮಾನಿಗಳು ತಮ್ಮಷ್ಟಕ್ಕೆ ತಾವೇ ಹೊಸ ನಾಗರಿಕತೆಗಳನ್ನು ಅದಕ್ಕೆ ಸೇರಿಸಿದರು. ಅವರ ಆ ಕೃತಿ 2013ರಲ್ಲಿ ಅಧಿಕೃತ ವಿಸ್ತರಣೆಯಾಯಿತು. ಮುಂದೆ 2022ರಲ್ಲಿ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ಮತ್ತೊಂದು ವಿಸ್ತರಣೆ ಬಂದು, ದ್ರಾವಿಡರಿಗೆ ಉರುಮಿ ಹಿಡಿದ ಯೋಧರನ್ನು ಕೊಟ್ಟು, ರಾಜೇಂದ್ರ ಚೋಳನ ದಿಗ್ವಿಜಯವನ್ನು ನಮ್ಮ ಕೈಗೊಪ್ಪಿಸಿತು. ನಾಡು ಕಟ್ಟಿ ಸೈನ್ಯ ನಡೆಸುವ ಈ ಬಗೆಯ ಆಟಕ್ಕೆ ಪಿಸಿಯ ಮೌಸೇ ಒಪ್ಪುವ ಸಾಧನ. ಕನ್ಸೋಲಿನ ಸ್ಟಿಕ್ಕು ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಎಂದು ತಿಳಿಸುತ್ತದೆ. ಮೌಸು ಇಲ್ಲಿಗೆ ಎಂದು ನೆಟ್ಟಗೆ ತೋರಿಸುತ್ತದೆ. ನೂರು ಸೈನಿಕರ ನಡುವಿನಿಂದ ಗಾಯಗೊಂಡ ಒಬ್ಬನನ್ನು ಆಯ್ದು ಹಿಂದಕ್ಕೆ ಕಳುಹಿಸಬೇಕಾದ ಗಳಿಗೆಯಲ್ಲಿ ಆ ವ್ಯತ್ಯಾಸ ಸೋಲುಗೆಲುವನ್ನೇ ನಿರ್ಣಯಿಸುತ್ತದೆ.

ತೆರೆದುದು ಬಾಳುತ್ತದೆ ಎಂಬುದನ್ನೂ ನಾನು ಇಲ್ಲಿಯೇ ಕಲಿತೆನು. ಪ್ಲೇಸ್ಟೇಷನ್ 3ರ ಡಿಸ್ಕುಗಳು 2013ರ ಪ್ಲೇಸ್ಟೇಷನ್ 4ರಲ್ಲಿ ನಡೆಯಲಿಲ್ಲ; ಒಳಗಿನ ಪ್ರೊಸೆಸರಿನ ಜಾತಿಯೇ ಬೇರೆಯಾಗಿತ್ತು. ಪಿಸಿಯಲ್ಲಾದರೋ, ಡಾಸ್ ಕಾಲದ ಆಟಗಳನ್ನು ಕೂಡ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಇಂದಿನ ಯಂತ್ರದಲ್ಲಿ ಆಡಬಹುದು. ಬಾಲ್ಯದಲ್ಲಿ ಮೆಚ್ಚಿದ ಆಟವನ್ನು ಮಕ್ಕಳೊಡನೆ ಕುಳಿತು ಮತ್ತೆ ಆಡುವ ಭಾಗ್ಯ ಅಲ್ಪವಾದುದೆ?

ಕನ್ಸೋಲಿನ ಕೆಲವು ತಯಾರಕರೂ ಈ ಸತ್ಯವನ್ನು ಮನಗಂಡಿದ್ದಾರೆ. ತನ್ನ ಪೆಟ್ಟಿಗೆಗೇ ಮೀಸಲಾಗಿದ್ದ ‘ಹೊರೈಜನ್ ಝೀರೊ ಡಾನ್’ ಆಟವನ್ನು 2020ರಲ್ಲಿ, ‘ಗಾಡ್ ಆಫ್ ವಾರ್’ ಆಟವನ್ನು 2022ರಲ್ಲಿ ಪ್ಲೇಸ್ಟೇಷನ್ ತಯಾರಿಸುವ ಸೋನಿ ಸಂಸ್ಥೆ ಪಿಸಿಗೆ ತಂದಿತು. ಆದುದರಿಂದ ಈ ವಿನೋದಕ್ಕೆ ಹೊಸದಾಗಿ ಕಾಲಿಡುವ ತರುಣರಿಗೆ ನನ್ನ ಮಾತು ಇಷ್ಟೆ: ಹಣ ಕಡಿಮೆಯಿದ್ದರೆ ಹಳೆಯ ಕಾರ್ಡಿನಿಂದಲೇ ಆರಂಭಿಸಿ, ಆದರೆ ಪೆಟ್ಟಿಗೆಯನ್ನು ನಿಮ್ಮ ಕೈಯಿಂದಲೇ ಜೋಡಿಸಿ, ಒಂದಲ್ಲ ಒಂದು ದಿನ ಯಾವುದಾದರೊಂದು ಆಟಕ್ಕೆ ನಿಮ್ಮದೇ ಆದ ಒಂದು ನಕ್ಷೆಯನ್ನಾದರೂ ಬರೆದು ಸೇರಿಸಿ.