ಎತ್ತಿನ ಮೇಲೆ ಬರುವ ಮುತ್ತಜ್ಜ

ಊರಿನ ಹೊಲ ಅಪ್ಪನ ಹೆಸರಿನಿಂದ ನಮ್ಮ ಹೆಸರಿಗೆ ಬರಬೇಕಾಗಿತ್ತು. ಅದಕ್ಕೆ ಪೌತಿ ಖಾತೆ ಅನ್ನುತ್ತಾರೆ. ಸತ್ತವರ ಖಾತೆ ಬದುಕಿದವರಿಗೆ ಆಗಬೇಕಾದರೆ ವಂಶವೃಕ್ಷ ಕೊಡಬೇಕು. ಅದೇನು ಮಹಾ ಎಂದು ಒಂದು ಬಿಳಿಹಾಳೆ, ಒಂದು ಸ್ಕೇಲು ಹಿಡಿದು ಗತ್ತಿನಿಂದಲೇ ಕೂತೆ. ಅಪ್ಪನನ್ನು ಬರೆದೆ. ಅವನ ತಲೆಯ ಮೇಲೆ ಅಜ್ಜನನ್ನು ಕೂಡಿಸಿದೆ. ಮುತ್ತಜ್ಜನ ಹೆಸರನ್ನು ಅವ್ವನನ್ನು ಕೇಳಿ ಬರೆದೆ. ಅಲ್ಲಿಗೆ ಮರ ನಿಂತುಬಿಟ್ಟಿತು. ಗೀತೆಯ ಅಶ್ವತ್ಥದ ಹಾಗೆ ಈ ಮರಕ್ಕೂ ಬೇರು ಮೇಲೆ, ಕೊಂಬೆ ಕೆಳಗೆ. ನನ್ನ ಮರದಲ್ಲಿ ಕೊಂಬೆಗಳೇನೋ ಹುಲುಸಾಗಿದ್ದವು, ಬೇರು ಇರಬೇಕಾದ ಕಡೆ ಅರ್ಧ ಹಾಳೆ ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು. ನಾಡಕಚೇರಿಗೆ ಅಷ್ಟೇ ಸಾಕಾಯಿತು. ಹೊಲಕ್ಕೆ ತಕ್ಕಷ್ಟು ಅಜ್ಜಂದಿರಿದ್ದರೆ ಸರ್ಕಾರಕ್ಕೆ ತೃಪ್ತಿ. ಸಾಲದೇ ಹೋದದ್ದು ನನಗೆ.

ಆ ಸಂಜೆ ಗೆಳೆಯನೊಬ್ಬನ ಎದುರು ಈ ದುಃಖ ತೋಡಿಕೊಂಡೆ. ಅವನದು ಭಾರದ್ವಾಜ ಗೋತ್ರ. ‘ನಮಗೆ ಆ ತೊಂದರೆ ಇಲ್ಲಪ್ಪ’ ಎಂದು ಕಾಲ ಮೇಲೆ ಕಾಲು ಹಾಕಿಕೊಂಡು, ಆಂಗಿರಸ, ಬಾರ್ಹಸ್ಪತ್ಯ, ಭಾರದ್ವಾಜ ಎಂದು ಮೂವರು ಋಷಿಗಳನ್ನು ಪಕ್ಕದ ಮನೆಯವರನ್ನು ಕರೆದಷ್ಟು ಸಲೀಸಾಗಿ ಕರೆದ. ಶ್ರಾದ್ಧದಲ್ಲಿ ಹೇಳುವ ಅಪ್ಪ, ಅಜ್ಜ, ಮುತ್ತಜ್ಜರ ಹೆಸರುಗಳೂ ಅವನ ನಾಲಿಗೆಯ ತುದಿಯಲ್ಲೇ ಇದ್ದವು. ‘ಮುತ್ತಜ್ಜನ ಅಪ್ಪ?’ ಎಂದೆ. ತಲೆ ಕೆರೆದುಕೊಂಡ. ಮೇಲುಗಡೆ ಮೂವರು, ಕೆಳಗಡೆ ಮೂವರು, ನಡುವೆ ಕೆಲವು ಸಾವಿರ ವರ್ಷಗಳ ಒಂದು ಸಣ್ಣ ಸಂದು! ನನ್ನ ಅರ್ಧ ಹಾಳೆಗೆ ಎಷ್ಟೋ ಸಮಾಧಾನವಾಯಿತು. ರಾಜಮಹಾರಾಜರ ಪಾಡೂ ಇದಕ್ಕಿಂತ ಹೆಚ್ಚಿನದೇನಲ್ಲ. ಹೊಯ್ಸಳರೂ ವಿಜಯನಗರದವರೂ ತಮ್ಮನ್ನು ಚಂದ್ರನಿಗೆ, ಯದುವಿಗೆ ಗಂಟು ಹಾಕಿಕೊಂಡರು. ನಡುವಿನ ಸಂದನ್ನು ತುಂಬುವ ಕೆಲಸ ಆಸ್ಥಾನದ ಕವಿಗಳದು. ಚಂದ್ರ ತಕರಾರು ಮಾಡಿದ ದಾಖಲೆ ಇಲ್ಲ.

ನಮ್ಮ ಮನೆಗೆ ಆಸ್ಥಾನಕವಿ ಇರಲಿಲ್ಲ, ಹೆಳವ ಇದ್ದ.

ಸುಗ್ಗಿ ಮುಗಿದು, ಹಗೇವಿಗೆ ಜೋಳ ಇಳಿದು, ಹಿತ್ತಲಲ್ಲಿ ಬಣವಿ ಎದ್ದ ಮೇಲೆ ಒಂದು ದಿನ ನಸುಕಿನಲ್ಲಿ ಗಂಟೆ ಕೇಳಿಸುತ್ತಿತ್ತು. ಕೌದಿಯೊಳಗಿನಿಂದ ಮೂಗು ಮಾತ್ರ ಹೊರಗಿಟ್ಟುಕೊಂಡು ನಾವು ಹುಡುಗರು ಕಾಯುತ್ತಿದ್ದೆವು. ಅಂಗಳದಲ್ಲಿ ಸಿಂಗರಿಸಿದ ಎತ್ತು, ಎತ್ತಿನ ಮೇಲೆ ರುಮಾಲಿನ ಹೆಳವ. ‘ಏಳ್ರಿ ತೆಗ್ಗಿನಮನ್ಯಾರ, ನಿಮ್ಮ ಹಿರ್ಯಾರ್ನ ಕರಕೊಂಡ ಬಂದೇನ್ರಿ!’ ಅಷ್ಟು ಚಳಿಯಲ್ಲಿ ಹಿರಿಯರೆಲ್ಲ ಅವನ ಹಿಂದೆ ನಡೆದು ಬಂದಿದ್ದಾರೆಂದೇ ನಾನು ತಿಳಿದಿದ್ದೆ. ಒಮ್ಮೆ ಬಾಗಿಲ ಸಂದಿಯಿಂದ ಎಣಿಸಲಿಕ್ಕೂ ನೋಡಿದ್ದೆ.

ಹೆಳವ ಎಂದರೆ ಕಾಲಿಲ್ಲದವ, ಕುಂಟ. ಕಾಲಿಲ್ಲದ ಒಬ್ಬನಿಗೆ ಬಸವಣ್ಣನವರು ಎತ್ತು ಕೊಟ್ಟು, ಇದರ ಮೇಲೆ ಕೂತು ಒಕ್ಕಲುಮನೆಗಳ ವಂಶ ಹೇಳಿ ಬದುಕು ಎಂದರಂತೆ ಎಂಬುದು ಅವರು ಹೇಳಿಕೊಳ್ಳುವ ಕಥೆ. ಆಂಧ್ರದ ಕಡೆ ಇವರ ಓರಗೆಯವರನ್ನು ಪಿಚ್ಚಿಗುಂಟ್ಲ ಎನ್ನುತ್ತಾರೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ಜಾತಿಬುಡಕಟ್ಟುಗಳ ಸಂಪುಟಗಳಲ್ಲೂ ಹೆಳವರು ಬಂದಿದ್ದಾರೆ. ಊರವರ ವಂಶವನ್ನೆಲ್ಲ ದಾಖಲೆ ಮಾಡಿದವರನ್ನು ಕೊನೆಗೆ ಇನ್ನೊಬ್ಬ ದಾಖಲೆ ಮಾಡಿದನಲ್ಲ ಎಂದು ನನಗೆ ಖುಷಿ. ನಮ್ಮ ಹೆಳವನ ಕಾಲು ಗಟ್ಟಿಯಾಗಿಯೇ ಇತ್ತು. ಆದರೂ ವಂಶ ಹೇಳಿ ಮುಗಿಸುವ ತನಕ ಎತ್ತಿನಿಂದ ಇಳಿಯುತ್ತಿರಲಿಲ್ಲ. ಮುನ್ನೂರು ವರ್ಷದ ಮಾತನ್ನು ನೆಲದ ಮೇಲೆ ನಿಂತು ಹೇಳಿದರೆ ಯಾರು ನಂಬುತ್ತಾರೆ?

ಅವನ ಬಗಲಿಗೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಹೊತ್ತಿಗೆ ಇರುತ್ತಿತ್ತು. ಆದರೆ ಅದನ್ನು ಬಿಚ್ಚುತ್ತಿದ್ದದ್ದು ಹೊಸದಾಗಿ ಹುಟ್ಟಿದವರ ಹೆಸರು ಸೇರಿಸುವಾಗ ಮಾತ್ರ. ಉಳಿದದ್ದೆಲ್ಲ ಬಾಯಲ್ಲಿ. ಇಂಥವನ ಮಗ ಇಂಥವ, ಅವನಿಗೆ ಮೂವರು ಮಕ್ಕಳು. ಹಿರಿಯಾವ ಧಾತು ಸಂವತ್ಸರದ ಬರದಾಗ ಊರು ಬಿಟ್ಟ, ನಡುವಿನಾವ ಮಠ ಸೇರಿದ, ಕಿರಿಯಾವ ಈ ಮನಿ ಕಟ್ಟಿದ. ಹೆಸರುಗಳಲ್ಲಿ ನಮಗೇನೂ ಸ್ವಾರಸ್ಯ ಇರಲಿಲ್ಲ. ನಮ್ಮ ಮನೆತನದಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ. ಹೀಗಾಗಿ ಬಸಪ್ಪನ ಮಗ ನಿಂಗಪ್ಪ, ನಿಂಗಪ್ಪನ ಮಗ ಬಸಪ್ಪ, ಬಸಪ್ಪನ ಮಗ ನಿಂಗಪ್ಪ ಎಂದು ಎರಡೇ ಹೆಸರಿನಲ್ಲಿ ಇಡೀ ವಂಶ ಜೋಕಾಲಿ ಆಡುತ್ತಿತ್ತು. ಎರಡು ಹೆಸರು ಕಲಿತ ಯಾರು ಬೇಕಾದರೂ ನಮಗೆ ಹೆಳವರಾಗಬಹುದಿತ್ತು. ನಾವು ಕಾಯುತ್ತಿದ್ದದ್ದು ಹೆಸರಿನ ಬಾಲಕ್ಕೆ ಅಂಟಿಕೊಂಡ ಮಾತಿಗೆ. ಬಾವಿಗೆ ಬಿದ್ದ ಹೋರಿಯನ್ನು ಒಬ್ಬನೇ ಎತ್ತಿದ ನಿಂಗಪ್ಪ, ಹೆಂಡತಿಯ ಮೇಲಿನ ಸಿಟ್ಟಿಗೆ ಹನ್ನೆರಡು ವರ್ಷ ಕಟ್ಟೆಯ ಮೇಲೆಯೇ ಮಲಗಿದ ಬಸಪ್ಪ. ಅವನಿಗೆ ಆ ಹನ್ನೆರಡು ವರ್ಷದಲ್ಲೇ ನಾಲ್ಕು ಮಕ್ಕಳು ಹುಟ್ಟಿದ್ದವೆಂದು ಹೆಳವನ ಲೆಕ್ಕದಿಂದಲೇ ತಿಳಿಯುತ್ತಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು.

ಧಾತು ಸಂವತ್ಸರದ ಮಾತು ಬಂತಲ್ಲ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುವುದರಿಂದ 1816, 1876, 1936 ಮೂರೂ ಧಾತುವೇ. ನಮ್ಮ ಕ್ಯಾಲೆಂಡರೂ ನಮ್ಮ ಮನೆಯ ಬಸಪ್ಪ ನಿಂಗಪ್ಪರ ಜೋಕಾಲಿಯ ಹಾಗೆಯೇ. ಬರ ಎಂಬ ಒಂದು ಮಾತು ಜೊತೆಗಿದ್ದದ್ದರಿಂದ ಆ ಊರು ಬಿಟ್ಟ ದೊಡ್ಡಜ್ಜ 1876ರಿಂದ 78ರ ಘೋರ ಕ್ಷಾಮಕ್ಕೆ ಹೋಗಿ ಸಿಕ್ಕಿಕೊಂಡ. ಇಲ್ಲದಿದ್ದರೆ ಅವನನ್ನು ಅರವತ್ತು ವರ್ಷ ಹಿಂದಕ್ಕೂ ಮುಂದಕ್ಕೂ ಎಳೆದಾಡಿ ನಾನು ಸುಸ್ತಾಗುತ್ತಿದ್ದೆ. ಹಸಿವು ಇಷ್ಟು ಖಚಿತವಾಗಿ ತಾರೀಖು ಹಾಕುತ್ತದೆ.

ಇನ್ನು ನಮ್ಮ ಅಡ್ಡಹೆಸರು. ನಮ್ಮ ಕಡೆಯ ಅಡ್ಡಹೆಸರುಗಳನ್ನು ಒಂದೊಂದಾಗಿ ಬಾಯಲ್ಲಿಟ್ಟು ಚಪ್ಪರಿಸಬೇಕು. ಉಳ್ಳಾಗಡ್ಡಿ, ಮೆಣಸಿನಕಾಯಿ, ಬದನಿಕಾಯಿ, ಅಕ್ಕಿ, ಬೆಲ್ಲದ ಎಂದರೆ ಅರ್ಧ ಸಂತೆ ಮುಗಿಯಿತು. ಹಾದಿಮನಿ, ಮೂಲಿಮನಿ, ಕಟ್ಟಿಮನಿ ಎಂದರೆ ಟಪಾಲಿನವನಿಗೆ ಬೇರೆ ವಿಳಾಸ ಬೇಡ. ನಮ್ಮದು ತೆಗ್ಗಿನಮನಿ. ಈಗಿರುವ ಮನೆ ಊರಿಗೆಲ್ಲ ಎತ್ತರದ ದಿಬ್ಬದ ಮೇಲಿದೆ. ಯಾವ ತಗ್ಗು, ಯಾವ ಮಳೆಗೆ ನೀರು ನುಗ್ಗಿತು, ಯಾವ ಅಜ್ಜಿ ‘ಇನ್ನ ಇಲ್ಲಿ ಇರಾಂಗಿಲ್ಲ’ ಎಂದು ಗಂಟು ಕಟ್ಟಿದಳು? ಮನೆ ಮೇಲೆ ಹತ್ತಿತು, ಹೆಸರು ಮಾತ್ರ ತಗ್ಗಿನಲ್ಲೇ ಉಳಿಯಿತು.

ನನ್ನ ಈ ಅಜ್ಜಾನ್ವೇಷಣೆಯ ಸುದ್ದಿ ಅಮೆರಿಕದಲ್ಲಿರುವ ಅಕ್ಕನ ಮಗನ ಕಿವಿಗೆ ಬಿತ್ತು. ‘ಮಾಮಾ, ನಾನು ಮುಂದಿನ ವಾರ ಸಾಲ್ಟ್ ಲೇಕ್ ಸಿಟಿಗೆ ಹೊಂಟೇನಿ. ಅಲ್ಲೆ ಜಗತ್ತಿನ ಹಿರ್ಯಾರೆಲ್ಲ ಅದಾರಂತ’ ಎಂದ. ಹೌದು, ಯೂಟಾ ರಾಜ್ಯದ ಆ ಊರಿನಲ್ಲಿ 1894ರಲ್ಲೇ ವಂಶಾವಳಿ ಸಂಘವೊಂದು ಹುಟ್ಟಿತು. ಕಟ್ಟಿದವರು ಮಾರ್ಮನ್ನರು ಎಂಬ ಕ್ರೈಸ್ತ ಪಂಥದವರು. ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಹಿರಿಯರಿಗೆ ಬದುಕಿರುವವರು ಅವರ ಪರವಾಗಿ ಸ್ನಾನ ಮಾಡಿ ಪುಣ್ಯ ಮುಟ್ಟಿಸಬಹುದು ಎಂಬುದು ಅವರ ನಂಬಿಕೆ. ನಾವು ಗಯೆಯಲ್ಲಿ ಪಿಂಡ ಇಡುವುದಿಲ್ಲವೆ, ಹಾಗೇ ಅನ್ನಿ. ಪುಣ್ಯ ಮುಟ್ಟಬೇಕಾದರೆ ಹೆಸರು ಬೇಕು, ಹೆಸರಿಗೆ ಕಾಗದ ಬೇಕು. ಹಾಗೆಂದು 1938ರಿಂದ ಅವರು ಲೋಕದ ಜನನ, ಮರಣ, ಮದುವೆಯ ಪುಸ್ತಕಗಳನ್ನೆಲ್ಲ ಮೈಕ್ರೋಫಿಲ್ಮಿಗೆ ಇಳಿಸುತ್ತ ಹೋದರು. ಸುಮಾರು 24 ಲಕ್ಷ ಸುರುಳಿ! ಅವನ್ನಿಡಲು ಗ್ರಾನೈಟ್ ಬೆಟ್ಟವನ್ನೇ ಕೊರೆದರು. 2021ರ ಹೊತ್ತಿಗೆ ಸುರುಳಿಗಳನ್ನೆಲ್ಲ ಕಂಪ್ಯೂಟರಿಗೂ ಏರಿಸಿದರು. ಆ ಊರಿನಲ್ಲಿರುವ ಅವರ ಗ್ರಂಥಾಲಯವನ್ನು ಗ್ರಂಥಾಲಯ ಅನ್ನುವುದಕ್ಕಿಂತ ಅಜ್ಜಾಲಯ ಅನ್ನುವುದು ಮೇಲು. ಹರಿದ್ವಾರದ ಪಂಡರು ಯಾತ್ರಿಕರ ಕುಲಗೋತ್ರ ಬರೆದಿಡುವ ಉದ್ದನೆಯ ಬಹಿಗಳನ್ನೂ ಇವರು ಫಿಲ್ಮ್ ಮಾಡಿಕೊಂಡು ಹೋಗಿದ್ದಾರೆ. ಎಂದೋ ಬದರಿಗೆ ಹೊರಟು ಹರಿದ್ವಾರದಲ್ಲಿ ಹೆಸರು ಬರೆಸಿದ ಯಜಮಾನ ಈಗ ವೀಸಾ ಇಲ್ಲದೆ ಅಮೆರಿಕದ ಬೆಟ್ಟದ ಹೊಟ್ಟೆಯಲ್ಲಿ ತಣ್ಣಗೆ ಮಲಗಿದ್ದಾನೆ.

ಹುಡುಗ ಹೋದ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ, ಯಾರಪ್ಪ ನೀನು ಎಂದು ಕೇಳುವವರಿಲ್ಲ. ಸ್ವಯಂಸೇವೆಗೆ ಬಂದ ಅಜ್ಜಿಯೊಬ್ಬಳು ಪಕ್ಕದಲ್ಲಿ ಕೂತು ತೆಗ್ಗಿನಮನಿಯನ್ನು ನಾಲ್ಕು ಥರದ ಕಾಗುಣಿತದಲ್ಲಿ ಹುಡುಕಿದಳಂತೆ. ಸಿಗಲಿಲ್ಲ. ‘ನಿಮ್ಮ ಊರಿನ ಗೋರಿಕಲ್ಲುಗಳನ್ನು ಯಾರಾದರೂ ಓದಿ ಪಟ್ಟಿ ಮಾಡಿದ್ದಾರೆಯೇ?’ ಎಂದು ಕೇಳಿದಳಂತೆ. ಅಲ್ಲಿ ಸಣ್ಣ ಸಣ್ಣ ಊರುಗಳಲ್ಲೂ ಇಂಥ ಸಂಘಗಳಿವೆ. ನಿವೃತ್ತರಾದವರು ಬುತ್ತಿ ಕಟ್ಟಿಕೊಂಡು ಸ್ಮಶಾನಕ್ಕೆ ಹೋಗಿ, ಪಾಚಿ ಒರೆಸಿ, ಹೆಸರು ತಾರೀಖು ಬರೆದುಕೊಂಡು ಬಂದು ಊರ ಗ್ರಂಥಾಲಯದ ಮೂಲೆಯ ಕಪಾಟಿನಲ್ಲಿ ಜೋಡಿಸುತ್ತಾರೆ. ಆ ದೇಶದಲ್ಲಿ 72 ವರ್ಷ ಕಳೆಯದೆ ಜನಗಣತಿಯ ಹಾಳೆ ಬಿಚ್ಚುವಂತಿಲ್ಲ. 1950ರ ಗಣತಿ 2022ರ ಏಪ್ರಿಲ್ 1ರಂದು ತೆರೆದಾಗ ಇವರಿಗೆಲ್ಲ ಯುಗಾದಿ. 1890ರ ಗಣತಿ ಮಾತ್ರ 1921ರ ಬೆಂಕಿಯಲ್ಲಿ ಹಾಳಾಯಿತು. ಅವರಿಗೆ ಬೆಂಕಿ, ನಮಗೆ ಗೆದ್ದಲು. ನಮ್ಮ ಮನೆತನದಲ್ಲಿ ಸತ್ತವರನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡುತ್ತೇವೆ, ಕಲ್ಲು ನಿಲ್ಲಿಸುವುದಿಲ್ಲ. ಮೂರು ಮಳೆಗೆ ದಿಬ್ಬ ತಗ್ಗುತ್ತದೆ, ನಾಲ್ಕನೆಯ ಮಳೆಗೆ ಅದರ ಮೇಲೆ ಕಡಲೆ. ಇದನ್ನು ಆ ಅಜ್ಜಿಗೆ ಹೇಗೆ ಹೇಳುವುದೆಂದು ತಿಳಿಯದೆ ಹುಡುಗ ನಕ್ಕು ಎದ್ದು ಬಂದ.

ಕಾಗದ ಸಿಗದಿದ್ದರೇನು, ಅಮೆರಿಕದ ಲೇಖಕ ಅಲೆಕ್ಸ್ ಹೇಲಿಗೂ ಒಂದು ಹಂತದಲ್ಲಿ ಕಾಗದ ಮುಗಿದಿತ್ತು. ಗುಲಾಮರಾಗಿ ಬಂದ ತನ್ನ ಹಿರಿಯರನ್ನು ಹುಡುಕುತ್ತ ಅವನು ಗ್ಯಾಂಬಿಯಾದ ಹಳ್ಳಿಗೆ ಹೋಗಿ ವಂಶ ಹೇಳುವ ಮುದುಕನ ಎದುರು ಕೂತ. ಅಲ್ಲಿ ಅಂಥವರಿಗೆ ಗ್ರಿಯೋ ಎನ್ನುತ್ತಾರೆ. ಆಫ್ರಿಕದ ಹೆಳವ. 1976ರಲ್ಲಿ ‘ರೂಟ್ಸ್’ ಬಂದ ಮೇಲೆ ಅಮೆರಿಕದಲ್ಲಿ ಎಲ್ಲರಿಗೂ ಅಜ್ಜಜ್ವರ. ಆ ಮುದುಕ ಹೇಳಿದ್ದು ಎಷ್ಟು ನಿಜ ಎಂದು ಆಮೇಲೆ ಪಂಡಿತರು ಜಗಳ ತೆಗೆದರು. ತೆಗೆಯಲಿ. ಕಟ್ಟೆಯ ಮೇಲೆ ಮಲಗಿದ ಬಸಪ್ಪನ ಮೇಲೂ ಯಾರಾದರೂ ಪಂಡಿತರು ಜಗಳ ತೆಗೆದಾರೆಂದು ನಾನು ಆಸೆಯಿಂದ ಕಾದಿದ್ದೇನೆ.

ಸೋಲೊಪ್ಪದ ಹುಡುಗ ನನ್ನ ಕಂಪ್ಯೂಟರಿಗೆ ವಂಶವೃಕ್ಷ ಬರೆಯುವ ಒಂದು ಪ್ರೋಗ್ರಾಂ ಕಳಿಸಿದ. ಇಲ್ಲೊಂದು ಮನೆಯ ಗುಟ್ಟು ಹೇಳಬೇಕು. ಗುಟ್ಟೇನು, ನಮ್ಮ ಕಡೆ ಸಾಮಾನ್ಯ ಸಂಗತಿ. ಅಪ್ಪ ಮದುವೆಯಾದದ್ದು ತನ್ನ ಅಕ್ಕನ ಮಗಳನ್ನು. ಹೀಗಾಗಿ ಅವ್ವ ಆಯಿಗೆ ಸೊಸೆಯೂ ಹೌದು, ಮೊಮ್ಮಗಳೂ ಹೌದು. ಅಪ್ಪನ ಕಡೆಯಿಂದ ಅಜ್ಜನಾದವನು ಅವ್ವನ ಕಡೆಯಿಂದ ನನಗೆ ಮುತ್ತಜ್ಜ. ಇದನ್ನು ತುಂಬಿಸಿದ ಕೂಡಲೇ ಕಂಪ್ಯೂಟರು ಕೆಂಪು ತ್ರಿಕೋನ ತೋರಿಸಿ, ಇಲ್ಲೇನೋ ತಪ್ಪಿದೆ, ಮತ್ತೊಮ್ಮೆ ನೋಡಿ ಎಂದಿತು. ಮತ್ತೊಮ್ಮೆ ನೋಡಿದೆ. ತಪ್ಪೇನೂ ಇರಲಿಲ್ಲ, ಮದುವೆಯಾಗಿ ಐವತ್ತು ವರ್ಷವಾಗಿತ್ತು! ಆಯಿ ಬದುಕಿದ್ದರೆ ಆ ಯಂತ್ರದ ಮೂತಿಗೆ ತಿವಿಯುತ್ತಿದ್ದಳು. ನಮ್ಮದು ವೃಕ್ಷವೇ ಅಲ್ಲ. ಬಿಳಲು ಮತ್ತೆ ಬೇರಾಗಿ, ಬೇರು ಮತ್ತೆ ಕೊಂಬೆಯಾಗಿ ಯಾವುದು ಯಾವುದೆಂದು ತಿಳಿಯದ ಆಲ.

ಲೆಕ್ಕ ಹಾಕಿದರೆ ಎಲ್ಲರದೂ ಆಲವೇ. ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಹಿಂದೆ ಎಂಟು. ಹತ್ತು ತಲೆಮಾರಿಗೆ 1,024, ಇಪ್ಪತ್ತಕ್ಕೆ 10,48,576, ಮೂವತ್ತಕ್ಕೆ 107 ಕೋಟಿ. ಆ ಕಾಲಕ್ಕೆ ಲೋಕದಲ್ಲಿ ಅಷ್ಟು ಜನರೇ ಇರಲಿಲ್ಲ. ಅಂದರೆ ಒಬ್ಬೊಬ್ಬ ಅಜ್ಜನೂ ನಾಲ್ಕಾರು ಕುರ್ಚಿಯಲ್ಲಿ ಕೂತಿದ್ದಾನೆ. ನಮ್ಮ ಅಜ್ಜ ಕೂತದ್ದು ಎರಡೇ. ಹೆಳವ ಹತ್ತನೆಯ ತಲೆಮಾರಿನವನ ಹೆಸರು ಹೇಳಿದಾಗ ನಾವು ಎದೆಯುಬ್ಬಿಸುತ್ತಿದ್ದೆವು. ಅವನು ಹೇಳಿದ್ದು 1,024ರಲ್ಲಿ ಒಬ್ಬನನ್ನು. ಉಳಿದ 1,023 ಮಂದಿಯಲ್ಲಿ 512 ಹೆಂಗಸರು. ನಮ್ಮದು ಋಷಿಮೂಲ, ನದಿಮೂಲ, ಸ್ತ್ರೀಮೂಲ ಕೇಳಬಾರದು ಎನ್ನುವ ನಾಡು. ಕೇಳಿದರೆ ಏನಾಗುತ್ತದೆಂದು ಭೈರಪ್ಪನವರ ‘ವಂಶವೃಕ್ಷ’ದ ಶ್ರೋತ್ರಿಗಳನ್ನು ಕಂಡವರಿಗೆ ಗೊತ್ತು. ತುಳುನಾಡಿನ ಅಳಿಯಸಂತಾನದವರು ತಾಯಿಯ ಬಳಿಯನ್ನೇ ಹಿಡಿದು ಎಣಿಸುತ್ತಿದ್ದರು. ನಮ್ಮಲ್ಲಿ ಎತ್ತಿನ ಮೇಲೆ ಹೆಂಗಸರಿಗೆ ಜಾಗವಿರಲಿಲ್ಲ. ನಾಡಕಚೇರಿಯ ಹಾಳೆಯಲ್ಲಿ ಅಕ್ಕನ ಹೆಸರು ಬರೆಯದಿದ್ದರೆ ಹೊಲ ಕದಲುತ್ತಿರಲಿಲ್ಲ. ಈ ಒಂದು ವಿಷಯದಲ್ಲಿ ಸರ್ಕಾರ ಹೆಳವನಿಗಿಂತ ಒಳ್ಳೆಯ ವಂಶಗಾರ.

ಹೋದ ಸುಗ್ಗಿಗೆ ಊರಲ್ಲಿದ್ದೆ. ನಸುಕಿನಲ್ಲಿ ಗಂಟೆಯ ಬದಲು ಬೈಕಿನ ಸದ್ದಾಯಿತು. ಹಳೆಯ ಹೆಳವನ ಮಗ. ಎತ್ತಿಗೆ ಮೇವು ಪೂರೈಸುವುದಿಲ್ಲವಂತೆ. ಆದರೂ ಹ್ಯಾಂಡಲಿಗೆ ಗಂಟೆ ಕಟ್ಟಿದ್ದ, ಸ್ಟ್ಯಾಂಡ್ ಹಾಕಿದ ಬೈಕಿನಿಂದ ಇಳಿಯಲಿಲ್ಲ, ಕೂತೇ ವಂಶ ಹೇಳಿದ. ಕೆಂಪು ಬಟ್ಟೆ ಅದೇ. ಹೇಳಿ ಮುಗಿದು ಹೊತ್ತಿಗೆ ಬಿಚ್ಚಿದಾಗ ಅವ್ವ ಹತ್ತಿರ ಹೋಗಿ ಬಗ್ಗಿ ನೋಡಿದಳು.

‘ನನ್ನ ಹೆಸರು ಎಲ್ಲೈತೋ ತಮ್ಮಾ?’

‘ನೀವು ಯಜಮಾನ್ರ ಬಾಜೂಕ ಇದ್ದಂಗ ರೀ ಅವ್ವಾರ.’

‘ಇದ್ದಂಗ ಬ್ಯಾಡ. ಬರಿ.’

ಹೊತ್ತಿಗೆಯಲ್ಲಿ ಸಾಲು ತುಂಬಿತ್ತು. ಅವನು ಹಾಳೆಯನ್ನು ಅಡ್ಡ ತಿರುಗಿಸಿ ಅಂಚಿನಲ್ಲಿ ಬರೆದ. ಅವ್ವ ಬಿಡಲಿಲ್ಲ, ಅವಳ ಅತ್ತೆಯೂ ಅಜ್ಜಿಯೂ ಆದ ಆಯಿಯನ್ನು ಬರೆಸಿದಳು, ಅಕ್ಕನನ್ನು ಬರೆಸಿದಳು, ಕೊನೆಗೆ ನನ್ನ ಮಗಳನ್ನು. ಮಗಳ ಹೆಸರು ಕೇಳಿ ಅವನು ಪೆನ್ನು ಎತ್ತಿದ. ‘ಹಿರ್ಯಾರೊಳಗ ಈ ಹೆಸರ ಇಲ್ಲಲ್ರಿ?’ ಆಮೇಲೆ ಗಂಟಲು ಸರಿ ಮಾಡಿಕೊಂಡು, ‘ಅಂಚಿನ ಹೆಸರಿಗೆ ಬ್ಯಾರೆ ಜ್ವಾಳ ಆಕ್ಕೈತ್ರಿ’ ಎಂದ. ಅವ್ವ ಮೊರದಲ್ಲಿ ಜೋಳ ತಂದಳು. ಚೀಲಕ್ಕೆ ಸುರಿಯುವಾಗ ನಾಲ್ಕು ಕಾಳು ಬಿಚ್ಚಿದ ಹೊತ್ತಿಗೆಯ ಮೇಲೂ ಬಿದ್ದವು. ಅವನು ಕೊಡವಲಿಲ್ಲ, ಹಾಗೇ ಮಡಚಿ ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡ.