ತಿರುಗುವ ಗಾಲಿಯ ಲೆಕ್ಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹಳ್ಳಿಶಾಲೆಗಳಲ್ಲಿ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಹತ್ತನೆಯ ತರಗತಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರುವ ಮಕ್ಕಳನ್ನು ಮೊದಲ ವರ್ಷವೇ ಕಂಗೆಡಿಸುವ ಅಧ್ಯಾಯವೊಂದಿದೆ. ಅದು ಭ್ರಮಣ ಚಲನೆ, ಅಂದರೆ ‘ರೊಟೇಶನಲ್ ಮೋಶನ್’. ಬಲ, ದ್ರವ್ಯರಾಶಿ, ವೇಗೋತ್ಕರ್ಷಗಳೊಡನೆ ಹೇಗೋ ಹೊಂದಿಕೊಂಡ ಮಗುವಿಗೆ ಟಾರ್ಕ್, ಮೊಮೆಂಟ್ ಆಫ್ ಇನರ್ಶಿಯಾ, ಆಂಗ್ಯುಲರ್ ಮೊಮೆಂಟಮ್ ಎಂಬ ಹೆಸರುಗಳು ಒಮ್ಮೆಗೇ ಎದುರಾಗುತ್ತವೆ. ಭಾಷೆಯೂ ಹೊಸದು, ಗಣಿತವೂ ಹೊಸದು. ಎಷ್ಟೋ ಜಾಣ ಮಕ್ಕಳು ವಿಜ್ಞಾನವನ್ನೇ ತೊರೆಯಲು ಯೋಚಿಸುವುದು ಈ ಹಂತದಲ್ಲಿಯೇ.

ನನ್ನಲ್ಲಿ ಪ್ರೌಢಶಾಲೆ ಓದಿ ಕಾಲೇಜು ಸೇರಿದ ಮಕ್ಕಳು ಸಂಜೆ ಮನೆಗೆ ಬರುವ ರೂಢಿಯಿತ್ತು. ರಾಯಬಾಗದ ಕಡೆಯ ಒಕ್ಕಲು ಮನೆತನದ ಹುಡುಗನೊಬ್ಬ ಒಂದು ದಿನ ಪುಸ್ತಕ ಮಡಚಿಟ್ಟು, “ಸರ, ಇದು ನಮ್ಮಂಥವರಿಗೆ ಅಲ್ರೀ. ನಾ ಆರ್ಟ್ಸ್‌ಗೆ ಹೋಗ್ತೀನ್ರಿ” ಎಂದ. ಕಲಾವಿಭಾಗ ಕೀಳೆಂದು ನಾನೆಂದೂ ಭಾವಿಸಿದವನಲ್ಲ. ಆದರೆ ‘ನಮ್ಮಂಥವರಿಗೆ ಅಲ್ಲ’ ಎಂಬ ಮಾತು ಮನಸ್ಸಿಗೆ ನಾಟಿತು.

ಅವನು ಸೋತಿದ್ದ ಲೆಕ್ಕ ಇಂಥದು. ತಟ್ಟೆಯಂಥ ಗಟ್ಟಿ ರಾಟೆ, ದ್ರವ್ಯರಾಶಿ 4 ಕಿಲೋಗ್ರಾಂ. ಅದಕ್ಕೆ ಸುತ್ತಿದ ಹಗ್ಗದ ತುದಿಗೆ 10 ಕಿಲೋಗ್ರಾಂ ಕೊಡ. ಕೈಬಿಟ್ಟರೆ ಹಗ್ಗದ ಬಿಗಿತವೆಷ್ಟು? ಕೊಡದ ತೂಕವೇ ಬಿಗಿತವೆಂದು ತಿಳಿದು ಹುಡುಗ 98 ನ್ಯೂಟನ್ ಎಂದು ಬರೆದಿದ್ದ.

“ತೂಕ ಕೆಳಗೆ ಎಳೀತದ, ಹಗ್ಗ ಅಷ್ಟೇ ಬಲದಿಂದ ಮ್ಯಾಲೆ ಎಳೀತದ. ಅಂದಮ್ಯಾಲೆ ಕೊಡ ವೇಗ ಹೆಚ್ಚಿಸ್ಕೊಂಡು ಇಳಿಯೋದು ಹೆಂಗಪಾ?” ಎಂದು ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆ ಮೌನದಲ್ಲಿಯೇ ಅರ್ಧ ಪಾಠ ಮುಗಿದಿತ್ತು.

ಕೊಡಕ್ಕೊಂದು, ರಾಟೆಗೊಂದು, ಹೀಗೆ ಎರಡು ಬೇರೆ ವಾಕ್ಯ ಬರೆಯಬೇಕು. ಕೊಡಕ್ಕೆ: ತೂಕದಲ್ಲಿ ಬಿಗಿತ ಕಳೆದರೆ ಉಳಿಯುವುದು ದ್ರವ್ಯರಾಶಿ ಮತ್ತು ವೇಗೋತ್ಕರ್ಷದ ಗುಣಲಬ್ಧ. ರಾಟೆಗೆ: ಬಿಗಿತವನ್ನು ತ್ರಿಜ್ಯದಿಂದ ಗುಣಿಸಿದರೆ ಟಾರ್ಕ್, ಆ ಟಾರ್ಕ್ ರಾಟೆಯ ಜಡತ್ವವನ್ನು ಮೀರಿ ಅದನ್ನು ತಿರುಗಿಸಬೇಕು. ಬಿಡಿಸಿದಾಗ ತ್ರಿಜ್ಯ ತಾನಾಗಿ ಹೊಡೆದುಹೋಗುತ್ತದೆ. ತಟ್ಟೆಯ ದ್ರವ್ಯರಾಶಿಯ ಅರ್ಧ, ಅಂದರೆ 2 ಕಿಲೋಗ್ರಾಂ, ಕೊಡದ 10ಕ್ಕೆ ಸೇರುತ್ತದೆ. 98ನ್ನು 12ರಿಂದ ಭಾಗಿಸಿದರೆ ವೇಗೋತ್ಕರ್ಷ ಸುಮಾರು 8.17, ಬಿಗಿತ ಕೇವಲ 16.3 ನ್ಯೂಟನ್. ಉತ್ತರ ಕಂಡು ಹುಡುಗ ನಕ್ಕ.

“ಅರ್ಧ ಯಾಕ್ರೀ ಸರ?” ಎಂಬುದು ಅವನ ಮುಂದಿನ ಪ್ರಶ್ನೆ. ಅವರ ಹೊಲದ ಹಳೆಯ ಡೀಸೆಲ್ ಎಂಜಿನ್ನಿನ ದೊಡ್ಡ ಗಾಲಿಯನ್ನು ನೆನಪಿಸಿದೆ. ನಾಲ್ಕು ಹೊಡೆತದ ಎಂಜಿನ್ನಿಗೆ ಎರಡು ಸುತ್ತಿಗೊಮ್ಮೆ ಮಾತ್ರ ಬಲ ಸಿಗುತ್ತದೆ. ಉಳಿದ ಹೊತ್ತು ಅದನ್ನು ನಡೆಸುವುದು ಆ ಗಾಲಿಯೇ. ಆದ್ದರಿಂದಲೇ ಅದರ ಕಬ್ಬಿಣವೆಲ್ಲ ಅಂಚಿನಲ್ಲಿರುತ್ತದೆ. ಅಕ್ಷದಿಂದ ದೂರವಿದ್ದಷ್ಟೂ ದ್ರವ್ಯದ ಹಟ ಹೆಚ್ಚು, ಅದೂ ದೂರದ ವರ್ಗಕ್ಕೆ ಅನುಗುಣವಾಗಿ. ಒಂದೇ ತೂಕ, ಒಂದೇ ತ್ರಿಜ್ಯದ ಬಳೆಗೂ ತಟ್ಟೆಗೂ ಹೋಲಿಸಿದರೆ ತಟ್ಟೆಯ ಹಟ ಬಳೆಯದರ ಅರ್ಧ. ಮುಂಜಾನೆ ಹ್ಯಾಂಡಲ್ ಹಾಕಿ ಎಂಜಿನ್ ಶುರು ಮಾಡಿದವನ ತೋಳಿಗೆ ಈ ಹಟದ ಪರಿಚಯ ಮೊದಲೇ ಇರುತ್ತದೆ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಸೀಮೆಯ ಮಕ್ಕಳಿಗೆ ತಿರುಗುವ ಗಾಲಿ ಪರಕೀಯವಾಗುವುದಾದರೂ ಹೇಗೆ?

ಆ ಹುಡುಗ ವಿಜ್ಞಾನ ಬಿಡಲಿಲ್ಲ. ಮೊದಲ ಸ್ಥಾನವನ್ನೇನೂ ಗಳಿಸಲಿಲ್ಲ, ಆದರೆ ಅಂಜಿ ಹಿಂದೆ ಸರಿಯಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ತಾವೇ ಶಿಕ್ಷಕರು. ಹಲವರ ಮಕ್ಕಳು ಕಾಲೇಜಿನಲ್ಲಿದ್ದಾರೆ. ಅವರಲ್ಲಿ ನನ್ನದೊಂದು ಕೋರಿಕೆ. ಮಗು ಈ ಅಧ್ಯಾಯದಲ್ಲಿ ತಡವರಿಸಿದರೆ ಸೂತ್ರಗಳ ಪಟ್ಟಿಯನ್ನು ಕೈಗಿಡಬೇಡಿ. ‘ಯಾವ ಅಕ್ಷದ ಸುತ್ತ ತಿರುಗುತ್ತಿದೆ? ಬಲ ಆ ಅಕ್ಷದಿಂದ ಎಷ್ಟು ದೂರದಲ್ಲಿದೆ? ಭಾರ ಎಲ್ಲಿ ಹಂಚಿಕೊಂಡಿದೆ?’ ಎಂಬ ಮೂರು ಪ್ರಶ್ನೆಗಳನ್ನು ಮನೆಮಾತಿನಲ್ಲಿ ಕೇಳಿ, ಉತ್ತರಕ್ಕೆ ಕಾಯಿರಿ. ಇಂಗ್ಲಿಷ್ ಹೆಸರುಗಳು ನಿಧಾನವಾಗಿ ತಾವೇ ಬಂದು ಸೇರಿಕೊಳ್ಳುತ್ತವೆ.