ಕೌದಿ ಮತ್ತು ಅಚೌರ್ಯ

ಮೈಸೂರಿನಿಂದ ಹುಣಸೂರನ್ನು ದಾಟಿ ಗೋಣಿಕೊಪ್ಪದತ್ತ ಸಾಗುವ ದಾರಿಯಲ್ಲಿ, ನಾಗರಹೊಳೆ ಅರಣ್ಯದ ಅಂಚಿನಲ್ಲಿ ತಿತಿಮತಿ ಇದೆ. ಕಾಫಿಯ ತೋಟಗಳು, ಸಮೀಪದ ಮತ್ತಿಗೋಡಿನ ಆನೆ ಶಿಬಿರ, ಜೇನುಕುರುಬರ ಹಾಗೂ ಯರವರ ಹಾಡಿಗಳು ಆ ಸೀಮೆಯ ಗುರುತುಗಳು. ಮಳೆಗಾಲದ ಚಳಿಯನ್ನು ಬಲ್ಲ ಇಂತಹ ಸೀಮೆಯ ಮನೆಗಳಲ್ಲಿ ಹೊದಿಕೆಯ ಬೆಲೆಯನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಉಡುಪು ಒಂದು ಜನಸಮುದಾಯದ ಗುರುತು ಎಂಬುದೂ ಕೊಡಗಿನವರಿಗೆ ಹೊಸ ಮಾತಲ್ಲ. ಕೊಡವರ ಕಪ್ಪು ಕುಪ್ಯವನ್ನೂ ಅದರ ಮೇಲೆ ಕಟ್ಟುವ ಕೆಂಪು ರೇಷ್ಮೆಯ ಚೇಲೆಯನ್ನೂ ಅವುಗಳ ಮರ್ಯಾದೆಯನ್ನರಿಯದವರು ಪರಿಚಾರಕರ ಸಮವಸ್ತ್ರವನ್ನಾಗಿ ಮಾಡಿಕೊಂಡರೆ, ಮನೆಯ ಹಿರಿಯರ ಮನಸ್ಸು ನೋಯುತ್ತದೆ. ಪೆಟ್ಟಿಗೆಯಿಂದ ಬಟ್ಟೆ ಕಳುವಾಗಿಲ್ಲ, ಹಣವೂ ಹೋಗಿಲ್ಲ. ಆದರೂ ಕೇಳದೆ ಏನನ್ನೋ ಕೊಂಡೊಯ್ದರೆಂಬ ಭಾವ ಉಳಿಯುತ್ತದೆ. ಈ ಭಾವಕ್ಕೆ ನೀತಿವಿಚಾರದಲ್ಲಿ ಸ್ಥಾನವಿದೆಯೇ ಎಂಬುದನ್ನು ಪರಿಶೀಲಿಸಲು, ಇದೇ ಪಶ್ಚಿಮಘಟ್ಟದ ಉತ್ತರ ಭಾಗದಲ್ಲಿ, ಉತ್ತರ ಕನ್ನಡ ಜಿಲ್ಲೆಯ ಕಾಡುಗಳ ನಡುವೆ ವಾಸಿಸುವ ಸಿದ್ದಿ ಜನರ ಕಸುಬು ಉತ್ತಮ ನಿದರ್ಶನವಾಗಿದೆ.

ಸಿದ್ದಿಯರ ಪೂರ್ವಜರು ಆಫ್ರಿಕದಿಂದ ಬಂದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರ ಕಾಲದಲ್ಲಿ ಗುಲಾಮರನ್ನಾಗಿ ಗೋವೆಗೆ ತರಲಾಗಿತ್ತು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡುಗಳನ್ನು ಆಶ್ರಯಿಸಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳಲ್ಲಿ ಅವರ ಹಳ್ಳಿಗಳಿವೆ. ಅವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಶತಮಾನಗಳ ಕಾಲ ತಮ್ಮದೆಂದು ಹೇಳಿಕೊಳ್ಳಲು ಭೂಮಿಯೂ ಇಲ್ಲದೆ, ಅನ್ಯರ ಹೊಲ ತೋಟಗಳಲ್ಲಿ ದುಡಿದ ಈ ಜನರಲ್ಲಿ ಯಾರೂ ಕಸಿದುಕೊಳ್ಳಲಾರದ ಸಂಪತ್ತೊಂದು ಉಳಿದಿತ್ತು. ಅದು ಅವರ ಹೆಂಗಸರ ಕೈಯಲ್ಲಿದ್ದ ಸೂಜಿಯ ವಿದ್ಯೆ.

ಹರಿದ ಬಟ್ಟೆಗಳನ್ನು ಸೇರಿಸಿ ಕೌದಿ ಹೊಲಿಯುವುದು ಕರ್ನಾಟಕದ ಅನೇಕ ಕಡೆಗಳಲ್ಲಿ ಇದೆ. ಸಿದ್ದಿಯರು 'ಕವಂದಿ' ಎಂದೂ ಕರೆಯುವ ಅವರ ಕೌದಿಗೆ ತನ್ನದೇ ಆದ ಕ್ರಮವಿದೆ. ಹಳೆಯ ಸೀರೆಯೊಂದನ್ನು ತಳಕ್ಕೆ ಹಾಸಿ, ಮನೆಯವರ ಸವೆದ ಅಂಗಿ, ಲಂಗ, ಕುಪ್ಪಸಗಳಿಂದ ಆರಿಸಿದ ತುಂಡುಗಳನ್ನು ಅದರ ಮೇಲೆ ಇಡುತ್ತಾರೆ. ಹೊಲಿಗೆ ಅಂಚಿನಿಂದ ಆರಂಭವಾಗಿ, ಸುತ್ತು ಸುತ್ತಾಗಿ ಒಳಗೆ ಸಾಗಿ, ನಡುವಿನಲ್ಲಿ ಮುಗಿಯುತ್ತದೆ. ಮೊದಲೇ ಬರೆದಿಟ್ಟುಕೊಂಡ ನಕ್ಷೆ ಇರುವುದಿಲ್ಲ. ಮುಂದಿನ ತುಂಡು ಯಾವುದೆಂಬುದನ್ನು ಕಣ್ಣು ನಿರ್ಧರಿಸುತ್ತದೆ, ಕೈ ಅನುಸರಿಸುತ್ತದೆ. ಕೊನೆಗೆ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಮಾಡಿದ ಪುಟ್ಟ ತ್ರಿಕೋನಗಳನ್ನು ಕೂಡಿಸುತ್ತಾರೆ. ಅದಕ್ಕೆ ಹೂವೆಂಬ ಅರ್ಥದ 'ಫೂಲ' ಎಂದು ಹೆಸರು. ಅದಿಲ್ಲದ ಕೌದಿ ಬತ್ತಲೆಯಿದ್ದಂತೆ ಎಂಬುದು ಅವರ ನಂಬಿಕೆ. ಕ್ರೈಸ್ತರ ಮನೆಯ ಕೌದಿಯಲ್ಲಿ ಶಿಲುಬೆಯೂ ಮುಸಲ್ಮಾನರ ಮನೆಯದರಲ್ಲಿ ಚಂದ್ರರೇಖೆಯೂ ಕಾಣಿಸಿಕೊಳ್ಳುವುದುಂಟು. ತೊಟ್ಟಿಲ ಕೂಸಿಗೆ ಪುಟ್ಟ ಕೌದಿ, ಇಡೀ ಸಂಸಾರಕ್ಕೆ ಅಗಲವಾದ ಕೌದಿ. ಉಟ್ಟು ಸವೆದುದನ್ನು ಎಸೆಯದೆ, ಅದರ ಕೊನೆಯ ಎಳೆಯವರೆಗೆ ಉಪಯೋಗಿಸಿಕೊಳ್ಳುವ ಈ ಬಾಳುವೆಯಲ್ಲಿ, ಅಪರಿಗ್ರಹವನ್ನು ಗ್ರಂಥಗಳಲ್ಲಿ ಓದಿದವರು ಕಲಿಯಬೇಕಾದುದು ಸಾಕಷ್ಟಿದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ಕಲೆಯ ಇತಿಹಾಸವನ್ನು ಬೋಧಿಸುತ್ತಿದ್ದ ಹೆನ್ರಿ ಡ್ರೂವಾಲ್ ಅವರು ಈ ಶತಮಾನದ ಆರಂಭದ ವರ್ಷಗಳಲ್ಲಿ ಸಿದ್ದಿಯರ ಹಳ್ಳಿಗಳಿಗೆ ಬಂದರು. ಮನೆಯ ಹೊದಿಕೆಯೆಂದು ಎಲ್ಲರೂ ಕಡೆಗಣಿಸಿದ್ದ ವಸ್ತುವಿನಲ್ಲಿ ಅವರು ಕಲೆಯನ್ನು ಕಂಡರು. ಅವರ ಮತ್ತು ಸಾರಾ ಖಾನ್ ಅವರ ಪ್ರೋತ್ಸಾಹದಿಂದ ಸಿದ್ದಿ ಮಹಿಳೆಯರ ಕೌದಿ ಸಹಕಾರಿ ಸಂಘವೊಂದು ರೂಪುಗೊಂಡಿತು. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿಯೂ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿರುವ, ಆಫ್ರಿಕದಿಂದ ಚದುರಿಹೋದ ಜನರ ವಸ್ತುಸಂಗ್ರಹಾಲಯದಲ್ಲಿಯೂ ಪ್ರದರ್ಶಿತವಾದವು. ನೆಲದ ಮೇಲೆ ಹಾಸುತ್ತಿದ್ದ ಬಟ್ಟೆ ಗೋಡೆಯ ಮೇಲೇರಿತು. ಯಾರ ಪೂರ್ವಜರನ್ನು ಸಂತೆಯಲ್ಲಿ ವಸ್ತುಗಳಂತೆ ಮಾರಲಾಗಿತ್ತೋ, ಅವರು ಮಾಡಿದ ವಸ್ತುವನ್ನು ನೋಡಲು ಜನ ಬಂದು ನಿಂತರು.

ಕೀರ್ತಿಯ ಜೊತೆಗೆ ಒಂದು ಪ್ರಶ್ನೆಯೂ ಬಂದಿತು. ಇಂದು ಅಮೆರಿಕ, ಯುರೋಪುಗಳ ಹೊಲಿಗೆಯ ಆಸಕ್ತರು 'ಕವಂದಿ' ಎಂಬ ಹೆಸರಿನಲ್ಲಿಯೇ ಈ ವಿಧಾನವನ್ನು ಕಲಿಯುತ್ತಾರೆ, ಶುಲ್ಕ ಪಡೆದು ಕಲಿಸುತ್ತಾರೆ. ಅವರಲ್ಲಿ ಸಿದ್ದಿ ಮಹಿಳೆಯರನ್ನು ಗೌರವದಿಂದ ಸ್ಮರಿಸುವವರಿದ್ದಾರೆ. ಮೂಲದ ಹೆಸರನ್ನೆತ್ತದೆ ಹೊಸದೊಂದು ಅಲಂಕಾರದ ಬಗೆಯೆಂದು ತೋರಿಸುವವರೂ ಇದ್ದಾರೆ. ಇದರಲ್ಲಿ ತಪ್ಪೇನು ಎಂದು ಯಾರಾದರೂ ಕೇಳಬಹುದು. ವಿದ್ಯೆಯನ್ನು ಕಲಿತರೆ ಕಲಿಸಿದವರಲ್ಲಿ ಅದು ಕಡಿಮೆಯಾಗುವುದಿಲ್ಲ. ಯಲ್ಲಾಪುರದ ಮುದುಕಿಯ ಸೂಜಿಯನ್ನು ಯಾರೂ ಕಿತ್ತುಕೊಂಡಿಲ್ಲ.

ಈ ವಾದವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಶಾಸ್ತ್ರದಾನವನ್ನು ನಾಲ್ಕು ದಾನಗಳಲ್ಲಿ ಒಂದೆಂದು ಎಣಿಸಿದ ಪರಂಪರೆಯು ವಿದ್ಯೆ ಹರಡುವುದನ್ನು ಕಳವೆಂದು ಹೇಳಲಾರದು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಒಂದು ಕೃತಿಯನ್ನು ಸಾವಿರ ಸಲ ನಕಲು ಮಾಡಿಸಿದ ಆಕೆಯನ್ನು ನಾಡು ಮಹಾದಾನಿಯೆಂದು ಕೊಂಡಾಡುತ್ತದೆ. ಆದರೆ ಆ ಸಾವಿರ ಪ್ರತಿಗಳೂ ಪೊನ್ನನ ಕಾವ್ಯವಾಗಿಯೇ ಹೋದವು ಎಂಬುದನ್ನು ಮರೆಯಬಾರದು. ಕೃತಿ ಹರಡಿತು, ಕವಿಯ ಹೆಸರೂ ಅದರೊಡನೆ ಹರಡಿತು. ದಾನಕ್ಕೂ ಕಳವಿಗೂ ಇರುವ ಗೆರೆ ಇಲ್ಲಿದೆ. ನಕಲು ಮಾಡುವುದು ದೋಷವಲ್ಲ, ಮಾಡಿದವರನ್ನು ಅಳಿಸುವುದು ದೋಷ.

ಅಚೌರ್ಯವ್ರತದ ವಿವೇಚನೆಯಲ್ಲಿ ಬರುವ 'ಅದತ್ತಾದಾನ' ಎಂಬ ಪದದ ವಿಸ್ತಾರವನ್ನು ಈ ದೃಷ್ಟಿಯಿಂದ ನೋಡಬೇಕು. ಕೊಡದಿರುವುದನ್ನು ಪಡೆಯುವುದು ಎಂದು ಅದರ ಅರ್ಥ. ಅಲ್ಲಿ ಬೀಗ ಒಡೆಯುವ ಮಾತಿಲ್ಲ, ವಸ್ತುವಿನ ತೂಕದ ಮಾತೂ ಇಲ್ಲ; ಕೊಟ್ಟಿದ್ದಾರೆಯೇ ಇಲ್ಲವೇ ಎಂಬುದೊಂದೇ ಪ್ರಶ್ನೆ. ಸಿದ್ದಿ ಮಹಿಳೆಯು ಎದುರಿಗೆ ಕುಳಿತವರಿಗೆ ಹೊಲಿಗೆಯನ್ನು ಕಲಿಸಿರಬಹುದು. ತನ್ನ ಹೆಸರನ್ನು ಮರೆಯಲು ಅನುಮತಿ ಕೊಟ್ಟಿರಲಾರಳು. ಇದೇ ವ್ರತಕ್ಕೆ 'ತತ್ತ್ವಾರ್ಥಸೂತ್ರ'ವು ಹೇಳುವ ಐದು ಅತಿಚಾರಗಳಲ್ಲಿ 'ಪ್ರತಿರೂಪಕ ವ್ಯವಹಾರ'ವೂ ಒಂದು. ನೈಜ ವಸ್ತುವಿನ ಜಾಗದಲ್ಲಿ ಅದನ್ನು ಹೋಲುವ ಕೃತಕ ವಸ್ತುವನ್ನಿಟ್ಟು ಮಾರುವುದು ಎಂದು ಅದರ ತಾತ್ಪರ್ಯ. ಅಳತೆ ತೂಕಗಳ ಮೋಸವನ್ನು ಹೇಳಿದ ಸ್ಥಳದಲ್ಲಿಯೇ ಇದನ್ನೂ ಹೇಳಿರುವುದು ಗಮನಾರ್ಹ. ವ್ಯಾಪಾರಿಗಳು ಹೆಚ್ಚಾಗಿದ್ದ ಸಮಾಜವೊಂದಕ್ಕೆ ಹೇಳಿದ ಮಾತು ಇದು.

ಬಟ್ಟೆಯ ವ್ಯಾಪಾರದಲ್ಲಿ ತೊಡಗಿರುವ ಕುಟುಂಬಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಎಳೆಗಳೊಡನೆ ಕೊಂಡಿ ಹಾಕಿ ಜೋಡಿಸಲು ನೇಕಾರರ ಮನೆಯವರ ಸಹನೆ ಬೇಕು. ವಿದ್ಯುತ್ ಮಗ್ಗದಲ್ಲಿ ಅದೇ ಬಣ್ಣ, ಅದೇ ಅಂಚು ಬಹು ಬೇಗ ಸಿದ್ಧವಾಗುತ್ತದೆ. ಎರಡನ್ನೂ ಮಾರಬಹುದು, ಎರಡಕ್ಕೂ ಕೊಳ್ಳುವವರಿದ್ದಾರೆ. ಎರಡನೆಯದನ್ನು ಮೊದಲನೆಯದರ ಹೆಸರಿನಿಂದ ಮಾರಿದ ಕ್ಷಣದಲ್ಲಿ ಮಾತ್ರ ಅದು ಪ್ರತಿರೂಪಕ ವ್ಯವಹಾರವಾಗುತ್ತದೆ.

ಕಾಯಿದೆಯೂ ಈ ದಿಕ್ಕಿನಲ್ಲಿ ಸ್ವಲ್ಪ ದೂರ ನಡೆದಿದೆ. ಕೊಡಗಿನ ಕಿತ್ತಳೆಗೆ ದೊರೆತ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಎಲ್ಲರೂ ಬಲ್ಲರು. 1999ರ ಅದೇ ಕಾಯಿದೆಯ ಅನ್ವಯ ಸಂಡೂರಿನ ಲಂಬಾಣಿ ಕಸೂತಿಗೂ ಮಾನ್ಯತೆ ಲಭಿಸಿದೆ. ಬಳ್ಳಾರಿ ಜಿಲ್ಲೆಯ ಸಂಡೂರು ಕುಶಲ ಕಲಾ ಕೇಂದ್ರವು ತಾಂಡಾಗಳ ಹೆಂಗಸರನ್ನು ಒಗ್ಗೂಡಿಸಿದ ಸಂಸ್ಥೆ. ಕನ್ನಡಿ ಚೂರು, ಕವಡೆ, ಬಣ್ಣದ ನೂಲುಗಳ ಆ ಕಸೂತಿಯನ್ನು 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ನಡೆದಾಗ ಪ್ರದರ್ಶಿಸಲಾಯಿತು. 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1,755 ವಸ್ತುಗಳ ಆ ಪ್ರದರ್ಶನವು ಗಿನ್ನೆಸ್ ದಾಖಲೆಗೂ ಸೇರಿತು. ಆದರೆ ಭೌಗೋಳಿಕ ಸೂಚಕವು ಕಾಪಾಡುವುದು ಊರಿನ ಹೆಸರನ್ನು. ಹೊಲಿದ ವ್ಯಕ್ತಿಯ ಹೆಸರನ್ನಲ್ಲ. ಕೈಕೆಲಸದ ವಿಧಾನವನ್ನು ಬೇರೆಯವರು ಅನುಸರಿಸದಂತೆ ತಡೆಯುವ ಶಕ್ತಿಯೂ ಅದಕ್ಕಿಲ್ಲ. ಕಾಯಿದೆಯ ಕೈ ತಲುಪದ ಆ ಸ್ಥಳದಲ್ಲಿಯೇ ವ್ರತದ ಕೆಲಸ ಆರಂಭವಾಗುತ್ತದೆ.

ಅಲ್ಲಿ ಗೃಹಸ್ಥರು ಮಾಡಬಹುದಾದುದು ಕಠಿಣವಾದುದೇನಲ್ಲ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯ ಮುಂದೆ 'ಬುಡಕಟ್ಟಿನ ಕಲೆ' ಎಂಬ ಚೀಟಿಯನ್ನಷ್ಟೇ ಕಂಡವರು, ಮಾಡಿದವರು ಯಾರೆಂದು ಮೇಲ್ವಿಚಾರಕರನ್ನು ಕೇಳಬಹುದು. ಕೇಳುವವರು ಹೆಚ್ಚಾದರೆ ಚೀಟಿ ಬದಲಾಗುತ್ತದೆ. ಮೇಳಗಳಲ್ಲಿ ಕೈಕೆಲಸದ ವಸ್ತುವನ್ನು ಕೊಳ್ಳುವಾಗ ಚೌಕಾಸಿಗೆ ಮೊದಲು, ಅದಕ್ಕೆ ಎಷ್ಟು ದಿನಗಳು ಹಿಡಿದವೆಂದು ವಿಚಾರಿಸಬಹುದು. ದಿನಗಳ ಲೆಕ್ಕ ತಿಳಿದ ಮೇಲೆ ಬೆಲೆಯನ್ನು ತಗ್ಗಿಸಿ ಕೇಳಲು ನಾಲಗೆ ಅಷ್ಟು ಸುಲಭವಾಗಿ ಹೊರಳುವುದಿಲ್ಲ.

ಬಸದಿಗಳ ವಿಶ್ವಸ್ತ ಮಂಡಳಿಗಳಿಗಂತೂ ಇದು ವರ್ಷಕ್ಕೆ ಅನೇಕ ಬಾರಿ ಎದುರಾಗುವ ಸಂಗತಿ. ಪಂಚಕಲ್ಯಾಣ ಮಹೋತ್ಸವ, ವಾರ್ಷಿಕೋತ್ಸವ, ವಿದ್ವಾಂಸರ ಸನ್ಮಾನ, ಎಲ್ಲದರಲ್ಲಿಯೂ ಶಾಲು ಹೊದಿಸುವುದು ರೂಢಿ. ಹೆಚ್ಚಿನ ಶಾಲುಗಳು ಎಲ್ಲಿ ತಯಾರಾದವು, ಯಾರು ನೇಯ್ದರು ಎಂಬುದು ಹೊದಿಸಿದವರಿಗೂ ಗೊತ್ತಿಲ್ಲ, ಹೊದ್ದವರಿಗೂ ಗೊತ್ತಿಲ್ಲ. ಅವುಗಳಲ್ಲಿ ಬಹುಪಾಲು ಬೀರುವಿನಲ್ಲಿಯೇ ಉಳಿಯುತ್ತವೆ. ಹತ್ತು ಯಂತ್ರದ ಶಾಲುಗಳ ಬದಲಿಗೆ ಒಂದು ಸಂಘದಿಂದ ನೇರವಾಗಿ ಕೊಂಡ ಒಂದೇ ಕೈಮಗ್ಗದ ವಸ್ತ್ರವನ್ನು ಕೊಟ್ಟು, ನೇಯ್ದವರ ಒಪ್ಪಿಗೆಯಿದ್ದರೆ ಅವರ ಹೆಸರನ್ನು ವೇದಿಕೆಯಲ್ಲಿ ಓದಿದರೆ ಸಭೆಯ ಘನತೆ ಕುಗ್ಗುವುದಿಲ್ಲ. ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವ ಸಂಸ್ಥೆಗಳು, ದುಡಿದವರ ಹೆಸರಿಗೆ ಒಂದು ಹಾಳೆಯನ್ನಾದರೂ ಮೀಸಲಿಡಬೇಕು. ಮುಂದಿನ ಉತ್ಸವದ ಖರ್ಚಿನ ಪಟ್ಟಿಯನ್ನು ಮಂಡಳಿಯ ಮುಂದಿಡುವಾಗ, 'ಶಾಲು' ಎಂಬ ಪದದ ಎದುರಿಗೆ ಬೆಲೆಯ ಜೊತೆಗೆ ನೇಯ್ದವರ ಹೆಸರಿಗೂ ಒಂದು ಅಂಕಣವನ್ನು ಎಳೆದರೆ ಆ ಕೆಲಸ ಆರಂಭವಾದಂತೆ.